ಮುಖ ಮುರಿಯದ ಅಮೆರಿಕ, ಮುಚ್ಚಿಡದ ಜರ್ಮನಿ

ಬಲ್ಲವರ ಮನೆಯಲ್ಲಿ ಸಾವಾಗಿದೆ. ಹೋಗಿ ಕೂತು ಬರುವಷ್ಟು ಹತ್ತಿರದ ಊರಲ್ಲ. ಎರಡು ಸಾಲು ಬರೆದು ಕಳಿಸಬೇಕು. ಏನು ಬರೆಯುವುದು?

ಅಮೆರಿಕದ ಅಂಗಡಿಗಳಲ್ಲಿ ಇದಕ್ಕೆಂದೇ ಕಾರ್ಡುಗಳು ಸಿಗುತ್ತವೆ. ಮೇಲೆ ತಿಳಿಬಣ್ಣದ ಹೂವು, ಇಲ್ಲವೇ ಬೆಳಕು ಚೆಲ್ಲಿದ ಆಕಾಶ. ಒಳಗಿನ ಒಕ್ಕಣೆ ಹೆಚ್ಚಾಗಿ ಪ್ರೀತಿ ಅಳಿಯುವುದಿಲ್ಲ, ಸವಿನೆನಪುಗಳು ಆಸರೆಯಾಗಲಿ ಎಂಬ ಧಾಟಿಯದು. ಜರ್ಮನಿಯ ಕಾರ್ಡುಗಳ ಬಣ್ಣವೇ ಬೇರೆ. ಕಪ್ಪು ಬಿಳುಪಿನ ಚಿತ್ರ, ಎಲೆ ಉದುರಿ ನಿಂತ ಮರ. ಒಳಗೆ, ನಿಮ್ಮ ದುಃಖ ದೊಡ್ಡದು, ಅದನ್ನು ಹಗುರ ಮಾಡುವ ಮಾತು ನಮ್ಮಲ್ಲಿಲ್ಲ ಎಂಬಂಥ ಒಪ್ಪಿಗೆ. ಬಿರ್ಗಿಟ್ ಕೂಪ್ಮನ್-ಹೋಲ್ಮ್ ಮತ್ತು ಜೀನ್ ತ್ಸಾಯ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಎರಡೂ ದೇಶಗಳ ಇಂಥ ಕಾರ್ಡುಗಳನ್ನು ಹೋಲಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಕಾರ್ಡುಗಳಲ್ಲಿ ನೋವಿನ ಮಾತು ಕಡಿಮೆ, ಸಮಾಧಾನದ ಮಾತು ಹೆಚ್ಚು ಎಂಬುದು ಲೆಕ್ಕಕ್ಕೂ ಸಿಕ್ಕಿತು. ಬರೀ ದುಃಖವನ್ನೇ ಹೇಳುವ ಕಾರ್ಡು ಕಳಿಸಲು ಅಮೆರಿಕನ್ನರಿಗೆ ಜರ್ಮನ್ನರಿಗಿಂತ ಹೆಚ್ಚು ಮುಜುಗರ. ಕಾರಣವನ್ನೂ ಅವರು ಹುಡುಕಿದರು: ಬೇಸರ, ನೋವು, ಸಂಕಟಗಳ ಅನುಭವವನ್ನೇ ದೂರ ಇಡಬೇಕೆಂಬ ಬಯಕೆ ಅಮೆರಿಕನ್ನರಲ್ಲಿ ಹೆಚ್ಚು ಬಲವಾಗಿದೆ.

ಈ ಎರಡು ದೇಶಗಳ ಜನರ ಸ್ವಭಾವದ ಬಗ್ಗೆ ಓದಿದ ಸಂಗತಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಜರ್ಮನ್ನರು ಒರಟರು ಆದರೆ ಪ್ರಾಮಾಣಿಕರು, ಅಮೆರಿಕನ್ನರು ಸ್ನೇಹಪರರು ಆದರೆ ಮೇಲುಮೇಲಿನವರು ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಬೆಂಗಳೂರಿನ ಕಂಪನಿಗಳಲ್ಲೂ ಅದು ಚಲಾವಣೆಯಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಅಂಗಡಿಯ ಕೌಂಟರಿನಲ್ಲಿ, ಲಿಫ್ಟಿನಲ್ಲಿ, ಮೀಟಿಂಗಿನ ಮೊದಲ ಐದು ನಿಮಿಷಗಳಲ್ಲಿ ಕಂಡದ್ದನ್ನು ಹಿಡಿದು ಒಂದು ಜನಾಂಗದ ಕರುಣೆಯನ್ನು ಅಳೆಯಲಾಗದು. ಒಬ್ಬರಿಗೆ ಕಷ್ಟ ಬಂದಾಗ, ಕೆಲಸ ಕೆಟ್ಟಾಗ, ಒಬ್ಬರು ದಾರಿಯಲ್ಲಿ ಕುಸಿದುಬಿದ್ದಾಗ ಅಲ್ಲಿನವರು ಏನು ಮಾಡುತ್ತಾರೆ, ಏನು ಹೇಳುತ್ತಾರೆ ಎಂಬುದನ್ನು ನೋಡಬೇಕು. ಹಾಗೆ ನೋಡಿದರೆ ಇಬ್ಬರಲ್ಲೂ ಅಕ್ಕರೆಗೆ ಕೊರತೆಯಿಲ್ಲ. ಅದನ್ನು ಇಟ್ಟ ಜಾಗ ಬೇರೆ ಬೇರೆ.

ಈ ಜಾಗದ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಕೇಳಿದವರಲ್ಲಿ ಕುರ್ಟ್ ಲೆವಿನ್ ಒಬ್ಬರು. 1890ರಲ್ಲಿ ಆಗಿನ ಪ್ರಷ್ಯದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸೈನಿಕರಾಗಿ ಗಾಯಗೊಂಡು, ಬರ್ಲಿನ್ನಿನಲ್ಲಿ ಮನಶ್ಶಾಸ್ತ್ರ ಕಲಿಸಿದವರು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಅಮೆರಿಕಕ್ಕೆ ಹೊರಟುಹೋದರು. ಅಲ್ಲಿ ನೆಲೆನಿಂತ ಕೆಲವೇ ವರ್ಷಗಳಲ್ಲಿ, 1936ರಲ್ಲಿ, ಅಮೆರಿಕ ಮತ್ತು ಜರ್ಮನಿಯ ಸಾಮಾಜಿಕ ಮನಸ್ಸಿನ ವ್ಯತ್ಯಾಸಗಳ ಬಗ್ಗೆ ಒಂದು ಪ್ರಬಂಧ ಬರೆದರು. ಓಡಿಬಂದವನ ಕಣ್ಣು ಎಷ್ಟು ಚುರುಕಾಗಿರುತ್ತದೆ ಎಂಬುದಕ್ಕೆ ಆ ಬರಹ ಸಾಕ್ಷಿ. ಬೀದಿಯಲ್ಲಿ ಎದುರಾದ ಇಬ್ಬರು ಅಪರಿಚಿತರು ಒಬ್ಬರನ್ನೊಬ್ಬರು ನೋಡಿ ನಗುವುದು ಅವರಿಗೆ ಹೊಸದಾಗಿ ಕಂಡಿತ್ತು.

ಲೆವಿನ್ ಮನುಷ್ಯನ ವ್ಯಕ್ತಿತ್ವವನ್ನು ಒಂದರೊಳಗೊಂದು ವೃತ್ತಗಳಾಗಿ ಬರೆದು ತೋರಿಸಿದರು. ಅಮೆರಿಕನ್ನರ ಹೊರಗಿನ ವೃತ್ತಗಳಿಗೆ ಯಾರು ಬೇಕಾದರೂ ಸಲೀಸಾಗಿ ಬರಬಹುದು; ತಡೆ ಇರುವುದು ತೀರ ಒಳಗಿನ ಒಂದು ವೃತ್ತಕ್ಕೆ ಮಾತ್ರ. ಜರ್ಮನ್ನರಲ್ಲಿ ತಡೆ ಹೊರಗೇ ಶುರು. ಅದನ್ನು ದಾಟುವುದಕ್ಕೆ ಕಾಲ ಬೇಕು. ದಾಟಿದ ಮೇಲೆ ಒಳಗಿನ ಹಾದಿಗೆ ಅಷ್ಟು ಅಡ್ಡಿಯಿಲ್ಲ. ಮುಂದೆ ಮ್ಯಾನೇಜ್‌ಮೆಂಟ್ ತರಬೇತಿಯವರು ಇದನ್ನು ಪೀಚ್ ಹಣ್ಣು ಮತ್ತು ತೆಂಗಿನಕಾಯಿ ಎಂದು ಸರಳ ಮಾಡಿ ಹಂಚಿದರು. ಆದರೆ ಆ ಸರಳತೆಯಲ್ಲಿ ಲೆವಿನ್ ಹೇಳಿದ ಇನ್ನೊಂದು ಮುಖ್ಯ ಮಾತು ಕಳೆದುಹೋಯಿತು. ಅಮೆರಿಕದಲ್ಲಿ ಇಬ್ಬರು ರಾಜಕೀಯವಾಗಿ ಕಿತ್ತಾಡಿ ಸಂಜೆಗೆ ಒಟ್ಟಿಗೆ ಊಟ ಮಾಡಬಲ್ಲರು, ಏಕೆಂದರೆ ಜಗಳ ಹೊರವೃತ್ತದ್ದು. ಜರ್ಮನಿಯಲ್ಲಿ ಅಭಿಪ್ರಾಯಭೇದ ಬೇಗನೆ ಒಳಕ್ಕೆ ಇಳಿದು ನೈತಿಕ ತೀರ್ಪಾಗಿಬಿಡುತ್ತದೆ ಎಂದು ಅವರು ಕಂಡಿದ್ದರು. ನೇರ ನುಡಿಯವರು ಚರ್ಚೆಯನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂಬ ಇಂದಿನ ನಂಬಿಕೆಗೆ ಇದು ತದ್ವಿರುದ್ಧ. ತೊಂಬತ್ತು ವರ್ಷಗಳಲ್ಲಿ ಜರ್ಮನಿ ಬಹಳ ಬದಲಾಗಿದೆ, ನಿಜ. ಆದರೂ ಯಾವ ಸ್ವಭಾವವೂ ರಕ್ತದಲ್ಲಿ ಬಂದದ್ದಲ್ಲ, ಕಾಲದಲ್ಲಿ ಆದದ್ದು ಎಂಬ ಎಚ್ಚರ ಈ ಪ್ರಬಂಧದಿಂದ ಸಿಗುತ್ತದೆ.

ಲೆವಿನ್ ಬರೆದ ಅದೇ 1936ರಲ್ಲಿ, ಮಿಸೂರಿ ರಾಜ್ಯದ ಬಡ ರೈತನ ಮಗ ಡೇಲ್ ಕಾರ್ನೆಗಿ ಜನರ ಸ್ನೇಹ ಗಳಿಸುವ ಬಗೆಯನ್ನು ಕಲಿಸುವ ತಮ್ಮ ಪ್ರಸಿದ್ಧ ಪುಸ್ತಕ ಪ್ರಕಟಿಸಿದರು. ಟೀಕಿಸಬೇಡಿ, ನಗುತ್ತಿರಿ, ಎದುರಿನವರ ಹೆಸರು ನೆನಪಿಡಿ ಎಂಬುದು ಅದರ ತಿರುಳು. ಮಹಾ ಆರ್ಥಿಕ ಕುಸಿತದ ನಡುವೆ, ಕೆಲಸ ಹುಡುಕುತ್ತ ಊರೂರು ಅಲೆಯುತ್ತಿದ್ದ ಸಮಾಜಕ್ಕೆ ಅದು ದಾರಿಬುತ್ತಿಯಂತೆ ಒದಗಿತು. ಹತ್ತಾರು ದೇಶಗಳಿಂದ ಬಂದು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಅಕ್ಕಪಕ್ಕ ಬದುಕಬೇಕಾದವರಿಗೆ, ನಾನು ನಿನಗೆ ಕೇಡು ಬಗೆಯುವವನಲ್ಲ ಎಂದು ತಿಳಿಸಲು ನಗುವಿಗಿಂತ ವೇಗದ ದಾರಿ ಇನ್ನೇನಿದೆ? ವಲಸೆಯ ಇತಿಹಾಸ ಹೆಚ್ಚು ಬೆರಕೆಯಾಗಿರುವ ದೇಶಗಳಲ್ಲಿ ಜನ ಭಾವನೆಗಳನ್ನು ಹೆಚ್ಚು ಬಿಚ್ಚಿ ತೋರಿಸುತ್ತಾರೆ ಎಂದು 2015ರ ಒಂದು ಅಂತರರಾಷ್ಟ್ರೀಯ ಅಧ್ಯಯನವೂ ಹೇಳಿತು. ಅಮೆರಿಕನ್ನರ ನಗುವನ್ನು ಸೋಗು ಎಂದು ತಳ್ಳಿಹಾಕುವವರು ಈ ಚರಿತ್ರೆಯನ್ನು ಮರೆಯುತ್ತಾರೆ.

ಆದರೆ ಎಲ್ಲ ನಗುವೂ ಇದೇ ಬೇರಿನದಲ್ಲ. ಅಮೆರಿಕದ ಹೋಟೆಲಿನಲ್ಲಿ ಬಡಿಸುವವರ ನಗುವಿನ ಹಿಂದೆ ಒಂದು ಅಂಕಿ ಇದೆ: 2.13 ಡಾಲರ್. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಗಂಟೆಗೆ ಕೊಡಲೇಬೇಕಾದ ಕನಿಷ್ಠ ಕೂಲಿ ಅದು. ಕೇಂದ್ರ ಕಾನೂನಿನಲ್ಲಿ 1991ರಿಂದ ಬದಲಾಗಿಲ್ಲ. ಹಲವು ರಾಜ್ಯಗಳು ಹೆಚ್ಚು ಗೊತ್ತುಮಾಡಿವೆ, ಕೆಲವು ಮಾಡಿಲ್ಲ. ಅಲ್ಲಿ ಮನೆ ಬಾಡಿಗೆ ಹುಟ್ಟುವುದು ಗಿರಾಕಿಯ ಮರ್ಜಿಯಿಂದ. ಜರ್ಮನಿಯಲ್ಲಿ 2015ರಿಂದ ಕನಿಷ್ಠ ವೇತನ ಕಾಯ್ದೆಯಿದೆ. ಬಡಿಸುವವರಿಗೂ ಅದೇ ಪೂರ್ತಿ ಕೂಲಿ. ಟಿಪ್ಸ್ ಅದರ ಮೇಲಿನದು. ಆದ್ದರಿಂದ ಬರ್ಲಿನ್ನಿನ ಮಾಣಿ ನಿಮ್ಮನ್ನು ನೋಡಿ ನಗದಿದ್ದರೆ ಅದು ಅವನ ಸ್ವಾತಂತ್ರ್ಯವೂ ಹೌದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ವಿಮಾನ ಪರಿಚಾರಿಕೆಯರನ್ನು ಅಧ್ಯಯನ ಮಾಡಿ 1983ರಲ್ಲಿ ಬರೆದ ಪುಸ್ತಕದಲ್ಲಿ, ಸಂಬಳಕ್ಕಾಗಿ ಭಾವನೆಯನ್ನೇ ದುಡಿಸುವುದು ಮನುಷ್ಯರನ್ನು ಹೇಗೆ ದಣಿಸುತ್ತದೆ ಎಂದು ತೋರಿಸಿದ್ದರು.

ಅಮೆರಿಕದ ಅಂಗಡಿ ಸರಣಿ ವಾಲ್‌ಮಾರ್ಟ್‌ನ ಕಥೆಯನ್ನು ಇಲ್ಲಿ ಹೇಳಲೇಬೇಕು, ಅದನ್ನು ಅರ್ಧಕ್ಕೇ ಹೇಳಿ ನಿಲ್ಲಿಸುವವರು ಹೆಚ್ಚು. 1997ರಲ್ಲಿ ಅದು ಜರ್ಮನಿಗೆ ಹೋಯಿತು. ಬಾಗಿಲಲ್ಲಿ ನಿಂತು ಸ್ವಾಗತಿಸುವವರು, ಸಾಮಾನು ಚೀಲಕ್ಕೆ ತುಂಬಿಕೊಡುವವರು, ಬೆಳಗ್ಗೆ ನೌಕರರ ಘೋಷಣೆ, ಎಲ್ಲವೂ ಅಮೆರಿಕದ ಮಾದರಿಯಲ್ಲೇ. 2006ರಲ್ಲಿ ತನ್ನ 85 ಮಳಿಗೆಗಳನ್ನು ಮೆಟ್ರೊ ಕಂಪನಿಗೆ ಮಾರಿ ಹೊರಬಂತು. ನಗು ಜರ್ಮನ್ನರಿಗೆ ಹಿಡಿಸಲಿಲ್ಲ, ಅದಕ್ಕೇ ಸೋತಿತು ಎಂಬ ಕಥೆ ಚಂದವಾಗಿದೆ. ನಿಜವಾದ ಪೆಟ್ಟು ಕೊಟ್ಟದ್ದು ಅಲ್ಲಿನವೇ ಆದ ಆಲ್ಡಿ, ಲಿಡ್ಲ್ ಅಂಗಡಿಗಳ ಅಗ್ಗದ ಬೆಲೆ. ಜತೆಗೆ ಅಲ್ಲಿನ ವ್ಯಾಪಾರದ ಕಾನೂನು, ಕಾರ್ಮಿಕ ಸಂಘಗಳ ಜತೆಗಿನ ತಿಕ್ಕಾಟ. ನಮ್ಮ ವಿಷಯಕ್ಕೆ ಮುಖ್ಯವಾದದ್ದು 2005ರ ಒಂದು ಮೊಕದ್ದಮೆ. ಸಹೋದ್ಯೋಗಿಗಳ ನಡುವಿನ ಪ್ರೇಮ ಸಂಬಂಧಗಳನ್ನು ನಿರ್ಬಂಧಿಸುವ, ಪರಸ್ಪರರ ತಪ್ಪುಗಳನ್ನು ಫೋನ್ ಮಾಡಿ ತಿಳಿಸಲು ಹೇಳುವ ನೀತಿಸಂಹಿತೆಯನ್ನು ಕಂಪನಿ ತಂದಿತ್ತು. ನೌಕರರ ಮಂಡಳಿ ಕೋರ್ಟಿಗೆ ಹೋಯಿತು. ಪ್ರೇಮದ ಮೇಲಿನ ನಿರ್ಬಂಧ ವ್ಯಕ್ತಿಯ ಹಕ್ಕಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಫೋನ್ ವ್ಯವಸ್ಥೆಯನ್ನು ಮಂಡಳಿಯ ಒಪ್ಪಿಗೆಯಿಲ್ಲದೆ ತರುವಂತಿಲ್ಲ ಎಂದಿತು. ಮುಖಕ್ಕೆ ಮುಖ ಕೊಟ್ಟು ಒರಟಾಗಿ ಮಾತಾಡುವುದನ್ನು ಸಹಿಸುವ ಜನ, ಬೆನ್ನ ಹಿಂದೆ ಹೆಸರಿಲ್ಲದೆ ದೂರುವುದಕ್ಕೆ ಅಷ್ಟು ಬಲವಾಗಿ ಅಡ್ಡ ನಿಂತರು. ಗುಪ್ತ ಪೊಲೀಸರ ಎರಡು ಆಡಳಿತಗಳನ್ನು, ನಾಜಿಗಳದ್ದೊಂದು, ಪೂರ್ವ ಜರ್ಮನಿಯದ್ದೊಂದು, ಕಂಡ ಸಮಾಜಕ್ಕೆ ಈ ಸೂಕ್ಷ್ಮ ಇರುವುದು ಸಹಜ ಎಂದೇ ನನಗನ್ನಿಸುತ್ತದೆ.

ಈಗ ದಾರಿಯಲ್ಲಿ ಕುಸಿದವರ ಮಾತಿಗೆ ಬರೋಣ. ಜರ್ಮನ್ ದಂಡಸಂಹಿತೆಯ 323ಸಿ ಕಲಮಿನ ಪ್ರಕಾರ, ಅಪಘಾತ ಅಥವಾ ಆಪತ್ತಿನಲ್ಲಿ ಸಿಕ್ಕವರಿಗೆ ತನ್ನಿಂದಾಗುವ ಸಹಾಯವನ್ನು, ತನಗೆ ಹೆಚ್ಚಿನ ಅಪಾಯವಿಲ್ಲದಿದ್ದರೂ ಮಾಡದೆ ಹೋದರೆ ಒಂದು ವರ್ಷದವರೆಗೆ ಸೆರೆ ಅಥವಾ ದಂಡ. ಡ್ರೈವಿಂಗ್ ಲೈಸೆನ್ಸ್ ಬೇಕೆಂದರೆ ಪ್ರಥಮ ಚಿಕಿತ್ಸೆ ಕಲಿತಿರಬೇಕು. 2016ರ ಅಕ್ಟೋಬರಿನಲ್ಲಿ ಎಸ್ಸೆನ್ ನಗರದ ಬ್ಯಾಂಕೊಂದರ ಒಳಾಂಗಣದಲ್ಲಿ ಎಂಬತ್ತು ದಾಟಿದ ವೃದ್ಧರೊಬ್ಬರು ಕುಸಿದುಬಿದ್ದರು. ಹಣ ತೆಗೆಯಲು ಬಂದವರು ಅವರನ್ನು ಸುತ್ತುಬಳಸಿ, ದಾಟಿಕೊಂಡು ಹೋದದ್ದು ಕ್ಯಾಮೆರಾದಲ್ಲಿ ದಾಖಲಾಯಿತು. ಮನೆಯಿಲ್ಲದೆ ಮಲಗಿದವರು ಎಂದುಕೊಂಡೆವು ಎಂದರು ಅವರು. ವೃದ್ಧರು ಮುಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುವರ್ಷ ಮೂವರಿಗೆ ಸಾವಿರಾರು ಯೂರೊ ದಂಡ ಬಿತ್ತು. ಕಾನೂನು ಇದ್ದೂ ಜನ ದಾಟಿಹೋದರು, ಅದು ಜರ್ಮನಿಯ ನಾಚಿಕೆ. ದಾಟಿಹೋದದ್ದು ಅಪರಾಧವೆಂದು ಎಣಿಕೆಯಾಯಿತು, ಅದು ಜರ್ಮನಿಯ ಹೆಚ್ಚುಗಾರಿಕೆ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅಂಥ ಸಾಮಾನ್ಯ ಕರ್ತವ್ಯವೇ ಇಲ್ಲ. ಪೆನ್ಸಿಲ್ವೇನಿಯಾದ ಗಣಿಯೊಂದರ ನೀರು ತುಂಬಿದ ಹಳ್ಳಕ್ಕೆ ಹಾರಿ ಮುಳುಗಿ ಸತ್ತವನನ್ನು ಕಾಪಾಡಲು ಪಕ್ಕದಲ್ಲಿದ್ದ ಗಣಿಮಾಲೀಕನಿಗೆ ಕಾನೂನಿನ ಹೊಣೆಯಿರಲಿಲ್ಲ ಎಂದು 1959ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಅದನ್ನು ಓದಿದಾಗ ಮೈ ಜುಂ ಎನ್ನುತ್ತದೆ. ಆದರೆ ಇದೇ ದೇಶದಲ್ಲಿ ನೆರೆ ಬಂದರೆ, ಬಿರುಗಾಳಿ ಬಂದರೆ, ಯಾರೂ ಹೇಳದೆ ದೋಣಿ ಕಟ್ಟಿಕೊಂಡು ನೂರಾರು ಮೈಲು ಬರುವವರಿದ್ದಾರೆ. ಅಪರಿಚಿತರಿಗೆ ಸಹಾಯ, ದಾನ, ಸ್ವಯಂಸೇವೆ ಎಂಬ ಮೂರನ್ನು ಕೂಡಿಸಿ ದೇಶಗಳನ್ನು ಸಾಲಾಗಿ ನಿಲ್ಲಿಸುವ ಬ್ರಿಟನ್ನಿನ ಸಂಸ್ಥೆಯೊಂದು 2019ರಲ್ಲಿ ಹತ್ತು ವರ್ಷಗಳ ಲೆಕ್ಕ ಹಾಕಿದಾಗ ಮೊದಲ ಸ್ಥಾನದಲ್ಲಿ ಅಮೆರಿಕವೇ ಇತ್ತು. ಅಲ್ಲಿ ದಯೆ ಎಂದರೆ ಸ್ವಂತ ಇಚ್ಛೆಯಿಂದ ಕೊಟ್ಟದ್ದು. ಹೇರಿದರೆ ಅದರ ಹೊಳಪು ಹೋಗುತ್ತದೆ ಎಂಬ ನಂಬಿಕೆ ಆಳವಾಗಿದೆ. ಇದರ ಬೆಲೆಯನ್ನೂ ಅವರು ತೆರುತ್ತಾರೆ. ಕ್ಯಾನ್ಸರ್ ಚಿಕಿತ್ಸೆಗೆ ಆನ್‌ಲೈನಿನಲ್ಲಿ ಅಪರಿಚಿತರ ಮುಂದೆ ಕೈಯೊಡ್ಡುವ ಕುಟುಂಬಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಜರ್ಮನಿಯಲ್ಲಿ ಕಾರ್ಮಿಕರ ಆರೋಗ್ಯ ವಿಮೆ 1883ರಲ್ಲೇ ಕಾನೂನಾಯಿತು. ರೋಗಿ ಯಾರಿಗೂ ತನ್ನ ಕಥೆ ಹೇಳಿ ಮನ ಕರಗಿಸಬೇಕಾಗಿಲ್ಲ.

ಹಾಗಾದರೆ ಜರ್ಮನಿಯದೇ ಮೇಲು ಎನ್ನೋಣವೇ? ಬರ್ಲಿನ್ನಿನವರೇ ಒಪ್ಪುವುದಿಲ್ಲ. 1948ರ ಬೇಸಿಗೆಯಲ್ಲಿ ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು, ಕಾಲುವೆಗಳನ್ನು ಮುಚ್ಚಿದಾಗ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಕಲ್ಲಿದ್ದಲು, ಹಿಟ್ಟು, ಹಾಲಿನ ಪುಡಿ ಎಲ್ಲವೂ ವಿಮಾನದಲ್ಲೇ ಬರಬೇಕಾಯಿತು. ಆ ವಿಮಾನ ಹಾರಿಸುತ್ತಿದ್ದ ಯೂಟಾ ರಾಜ್ಯದ ಗೇಲ್ ಹಾಲ್ವರ್ಸನ್ ಎಂಬ ಯುವಕ ಬಿಡುವಿನ ದಿನ ಟೆಂಪೆಲ್‌ಹಾಫ್ ನಿಲ್ದಾಣದ ಬೇಲಿಯ ಬಳಿ ಹೋದ. ಅತ್ತ ಕಡೆ ಮಕ್ಕಳು ನಿಂತಿದ್ದರು. ಮೂರು ವರ್ಷಗಳ ಹಿಂದೆ ಇದೇ ಊರಿನ ಮೇಲೆ ಅಮೆರಿಕದ ವಿಮಾನಗಳು ಬಾಂಬು ಸುರಿದಿದ್ದವು. ಆ ಮಕ್ಕಳು ಏನನ್ನೂ ಬೇಡಲಿಲ್ಲ. ಹವಾಮಾನ ಕೆಟ್ಟು ಊಟ ಕಡಿಮೆಯಾದರೂ ಚಿಂತೆಯಿಲ್ಲ, ನಮ್ಮ ಕೈ ಬಿಡಬೇಡಿ, ಕಳೆದುಕೊಂಡ ಸ್ವಾತಂತ್ರ್ಯ ಮರಳಿ ಸಿಗದು ಎಂಬರ್ಥದ ಮಾತನ್ನು ನೇರವಾಗಿ ಹೇಳಿದರು ಎಂದು ಹಾಲ್ವರ್ಸನ್ ಮುಂದೆ ಬಹಳ ಸಲ ನೆನಪಿಸಿಕೊಂಡಿದ್ದಾರೆ. ಅವನ ಜೇಬಿನಲ್ಲಿ ಇದ್ದದ್ದು ಎರಡೇ ಚ್ಯೂಯಿಂಗ್ ಗಮ್ ಪಟ್ಟಿ. ಮುರಿದು ಕೊಟ್ಟ. ಸಿಗದವರು ಅದರ ಕಾಗದವನ್ನೇ ಹರಿದು ಹಂಚಿಕೊಂಡು ಮೂಸಿದರು. ನಾಳೆ ಆಕಾಶದಿಂದ ಚಾಕೊಲೇಟ್ ಬೀಳಿಸುತ್ತೇನೆ, ರೆಕ್ಕೆ ಅಲ್ಲಾಡಿಸಿದ ವಿಮಾನ ನನ್ನದು ಎಂದು ಅವನು ಮಾತು ಕೊಟ್ಟ. ಕರವಸ್ತ್ರಗಳನ್ನು ಪ್ಯಾರಾಚೂಟ್ ಮಾಡಿ ಬೀಳಿಸಿದ ಕೂಡ. ಮೇಲಧಿಕಾರಿಗಳ ಅಪ್ಪಣೆ ಇರಲಿಲ್ಲ. ವಿಷಯ ಪತ್ರಿಕೆಗೆ ಬಂದು ಬೈಸಿಕೊಂಡ. ಆಮೇಲೆ ಅದೇ ಕೆಲಸ ಸೇನೆಯ ಕಾರ್ಯಕ್ರಮವಾಗಿ, 20 ಟನ್ನಿಗೂ ಹೆಚ್ಚು ಸಿಹಿ ಬರ್ಲಿನ್ನಿನ ಮಕ್ಕಳಿಗೆ ಸಿಕ್ಕಿತು. ಹಾಲ್ವರ್ಸನ್ 2022ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕನ್ನರ ಆ ಕ್ಷಣದ ಸ್ನೇಹ ತೋರಿಕೆಯದು ಎನ್ನುವವರು ಈ ಘಟನೆಯನ್ನು ಒಮ್ಮೆ ಓದಬೇಕು. ನಿಯಮ ನೋಡಿಕೊಂಡು ಕೂತಿದ್ದರೆ ಆ ಚಾಕೊಲೇಟ್ ಬೀಳುತ್ತಿರಲಿಲ್ಲ.

ಇನ್ನು ಕೆಲಸದ ಜಾಗ. ಇಲ್ಲಿ ಕನ್ನಡಿಗರಿಗೂ ನೇರ ಸಂಬಂಧವಿದೆ. ಬಾಷ್, ಎಸ್‌ಎಪಿ, ಮರ್ಸಿಡಿಸ್-ಬೆಂಜ್ ಮುಂತಾದ ಜರ್ಮನ್ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಅಮೆರಿಕದ ಕಂಪನಿಗಳಂತೂ ಬೀದಿ ಬೀದಿಗೆ. ಅಲ್ಲಿಯವರ ಕೈಕೆಳಗೆ ಕೆಲಸ ಮಾಡಿದವರು ಹೇಳುವುದು ಒಂದೇ ಬಗೆಯ ಮಾತು. ಜರ್ಮನ್ ಮೇಲ್ವಿಚಾರಕರು ವಿನ್ಯಾಸ ತಪ್ಪಾಗಿದ್ದರೆ ಕಡ್ಡಿ ಮುರಿದ ಹಾಗೆ ತಪ್ಪು ಎನ್ನುತ್ತಾರೆ. ಅಮೆರಿಕದವರು ಮೊದಲು ಮೂರು ಒಳ್ಳೆಯ ಅಂಶ ಹೇಳಿ, ನಾಲ್ಕನೆಯದರಲ್ಲಿ ತಪ್ಪನ್ನು ಹುದುಗಿಸಿ, ಮತ್ತೆ ಭೇಷ್ ಎಂದು ಮುಗಿಸುತ್ತಾರೆ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆಯ ನಾಡಿನವರಾದ ನಮಗೆ ಮೊದಲನೆಯದು ಚುಚ್ಚುತ್ತದೆ. ಆದರೆ ಹೊಗಳಿಕೆಯೇ ಹೆಚ್ಚು ಕೇಳಿ ನಿಶ್ಚಿಂತರಾಗಿದ್ದು, ವರ್ಷದ ಕೊನೆಯಲ್ಲಿ ಕೆಲಸ ಹೋದ ಮೇಲೆ ಆ ನಾಲ್ಕನೆಯ ಅಂಶದ ತೂಕ ತಿಳಿದವರ ನೋವು ಅದಕ್ಕಿಂತ ದೊಡ್ಡದು. ತಪ್ಪನ್ನು ತಿದ್ದಲು ಸಮಯವಿರುವಾಗಲೇ ಹೇಳಿದವರು ನಮ್ಮನ್ನು ಬೆಳೆದ ಮನುಷ್ಯರೆಂದು ನಂಬಿ ಹೇಳಿದರು. ಆ ನಂಬಿಕೆಯನ್ನು ನಾನು ದಯೆ ಎಂದೇ ಕರೆಯುತ್ತೇನೆ.

ಹೀಗೆಂದು ಜರ್ಮನ್ನರು ಎಲ್ಲೆಲ್ಲೂ ಬಿಚ್ಚಿ ಮಾತಾಡುತ್ತಾರೆ ಎಂದೂ ಅಲ್ಲ. ಕೆಲಸ ಬಿಡುವಾಗ ಮಾಲೀಕರು ಕೊಡಲೇಬೇಕಾದ ಪ್ರಮಾಣಪತ್ರವನ್ನು ನೋಡಿ. ಅದು ನಿಜವೂ ಆಗಿರಬೇಕು, ನೌಕರನ ಮುಂದಿನ ಬದುಕಿಗೆ ಹಿತವೂ ಆಗಿರಬೇಕು ಎಂದು ಅಲ್ಲಿನ ನ್ಯಾಯಾಲಯಗಳು ವಿಧಿಸಿವೆ. ಎರಡನ್ನೂ ಒಟ್ಟಿಗೆ ಸಾಧಿಸಹೋಗಿ ಒಂದು ಗುಟ್ಟಿನ ಭಾಷೆಯೇ ಹುಟ್ಟಿಕೊಂಡಿದೆ. ಸದಾಕಾಲ ನಮಗೆ ಪರಿಪೂರ್ಣ ತೃಪ್ತಿ ಕೊಟ್ಟರು ಎಂದಿದ್ದರೆ ಅತ್ಯುತ್ತಮ ನೌಕರ. ಪೂರ್ಣ ತೃಪ್ತಿ ಎಂದಷ್ಟೇ ಇದ್ದರೆ ಸಾಧಾರಣ. ಇದಕ್ಕಿಂತ ಮೇಲಿನ ದರ್ಜೆ ಬೇಕೆಂದರೆ ನೌಕರನೇ ರುಜುವಾತು ಮಾಡಬೇಕು ಎಂದು 2014ರಲ್ಲಿ ಕೇಂದ್ರ ಕಾರ್ಮಿಕ ನ್ಯಾಯಾಲಯ ಹೇಳಿತು. ಬಹಳ ಪ್ರಯತ್ನಪಟ್ಟರು ಎಂದಿದ್ದರೆ ಕೈಲಾಗಲಿಲ್ಲ ಎಂದರ್ಥ. ಮೂರನೆಯವರಿಗೆ ಬರೆಯುವಾಗ, ಅನ್ನದ ಪ್ರಶ್ನೆ ಇರುವಾಗ, ಜರ್ಮನ್ನರೂ ಮಾತನ್ನು ರೇಷ್ಮೆಯಲ್ಲಿ ಸುತ್ತುತ್ತಾರೆ. ಅಮೆರಿಕನ್ನರೂ ಎಲ್ಲೆಲ್ಲೂ ಒಂದೇ ಥರ ಅಲ್ಲ: ನ್ಯೂಯಾರ್ಕಿನವರ ಖಡಕ್ ಮಾತು ಕೇಳಿದವರಿಗೆ, ಮಿನೆಸೋಟಾದವರ ಸೌಜನ್ಯ ಬೇರೆಯದೇ ದೇಶದ್ದೆನಿಸುತ್ತದೆ.

ಜರ್ಮನಿಯಲ್ಲಿ ಈಗ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಅತಿದೊಡ್ಡ ಗುಂಪು. ಆಖನ್, ಮ್ಯೂನಿಕ್, ಸ್ಟುಟ್‌ಗಾರ್ಟ್‌ಗಳಲ್ಲಿ ಕನ್ನಡದ ಮಕ್ಕಳು ಧಾರಾಳವಾಗಿದ್ದಾರೆ. ಮನೆಗೆ ಫೋನ್ ಮಾಡಿ ಅವರು ಹೇಳುವ ದೂರು ನಿಜವಾದದ್ದು: ವಿದೇಶಿಯರ ಕಚೇರಿಯ ಗುಮಾಸ್ತರು ಮುಖ ಎತ್ತಿ ನೋಡುವುದಿಲ್ಲ, ಭಾನುವಾರ ಸದ್ದು ಮಾಡಿದರೆ ಪಕ್ಕದ ಮನೆಯವರು ಬಾಗಿಲು ತಟ್ಟಿ ಗದರುತ್ತಾರೆ, ಒಂದು ಚಳಿಗಾಲ ಕಳೆದರೂ ಒಬ್ಬ ಗೆಳೆಯ ಸಿಗುವುದಿಲ್ಲ. ಆದರೆ ಹಾಗೆ ದೂರುವ ಹುಡುಗಿಯಿಂದ ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ಕೇಳುವುದಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರಿಂದ ಶುಲ್ಕ ಹಾಕಿದ ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲೂ ಅದು ಸೆಮಿಸ್ಟರಿಗೆ 1,500 ಯೂರೊ. ಅಮೆರಿಕಕ್ಕೆ ಹೋದ ಅವಳ ಸಹಪಾಠಿಯನ್ನು ಮೊದಲ ವಾರವೇ ಯಾರೋ ಮನೆಗೆ ಊಟಕ್ಕೆ ಕರೆದಿರುತ್ತಾರೆ, ಅವನ ತಂದೆ ಮಾತ್ರ ಊರಿನಲ್ಲಿ ಸಾಲಕ್ಕಾಗಿ ಜಮೀನಿನ ಕಾಗದ ಅಡವಿಟ್ಟಿರುತ್ತಾರೆ. ಒಂಟಿತನ ಸಣ್ಣ ಕಷ್ಟವಲ್ಲ, ಅದು ಮನುಷ್ಯರನ್ನು ಒಳಗಿಂದ ತಿನ್ನುತ್ತದೆ. ಜರ್ಮನಿಯ ಒಳ್ಳೆಯತನ ಕಾಗದದಲ್ಲಿ, ಕಾನೂನಿನಲ್ಲಿ ಭದ್ರವಾಗಿದ್ದರೂ ಅದನ್ನು ತಲುಪಿಸುವ ಮುಖಗಳು ಇನ್ನಷ್ಟು ಮೃದುವಾಗಲೇಬೇಕು ಎಂದು ನಾನು ಬಯಸುತ್ತೇನೆ.

ಎರಡೂ ಕೂಡಿಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಲೆವಿನ್ ಅವರ ಕೊನೆಯ ವರ್ಷಗಳಲ್ಲಿ ಒಂದು ಉತ್ತರವಿದೆ. ಅವರ ತಾಯಿಯನ್ನು ನಾಜಿಗಳು ಕೊಂದಿದ್ದರು. ಯುದ್ಧ ಮುಗಿದ ಮರುವರ್ಷ, 1946ರ ಬೇಸಿಗೆಯಲ್ಲಿ, ಕನೆಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನಲ್ಲಿ ಜನಾಂಗಗಳ ನಡುವಿನ ದ್ವೇಷ ತಗ್ಗಿಸುವ ಕಾರ್ಯಕರ್ತರಿಗೆ ಅವರೊಂದು ತರಬೇತಿ ಶಿಬಿರ ನಡೆಸಿದರು. ಹಗಲೆಲ್ಲ ಗುಂಪುಚರ್ಚೆ. ರಾತ್ರಿ ಸಂಶೋಧಕರು ಮಾತ್ರ ಕೂತು, ಯಾರು ಹೇಗೆ ನಡೆದುಕೊಂಡರು ಎಂದು ಟಿಪ್ಪಣಿ ಓದಿಕೊಳ್ಳುತ್ತಿದ್ದರು. ಒಂದು ರಾತ್ರಿ ಕೆಲವು ಶಿಬಿರಾರ್ಥಿಗಳು ಬಂದು ನಾವೂ ಕೇಳಬಹುದೇ ಎಂದರು. ಸಹೋದ್ಯೋಗಿಗಳಿಗೆ ಕಸಿವಿಸಿ, ಎದುರಿಗೇ ಅವರ ಕುಂದು ಹೇಳುವುದು ಹೇಗೆ? ಲೆವಿನ್ ಬನ್ನಿ ಎಂದರು. ಒಬ್ಬ ಮಹಿಳೆಯ ವರ್ತನೆಯನ್ನು ವೀಕ್ಷಕರು ವಿವರಿಸುತ್ತಿದ್ದಾಗ ಆಕೆ ನಡುವೆ ತಡೆದು, ನಡೆದದ್ದು ಹಾಗಲ್ಲ ಎಂದು ತನ್ನ ಕಡೆಯಿಂದ ಹೇಳಿದರು. ಮಾತು ಬೆಳೆಯಿತು, ಬಿಸಿಯಾಯಿತು. ಮುಂದಿನ ರಾತ್ರಿಗಳಲ್ಲಿ ಶಿಬಿರದ ಹೆಚ್ಚಿನವರು ಬಂದು ಕೂತರು. ಇಂದು ಜಗತ್ತಿನ ಎಲ್ಲ ಕಚೇರಿಗಳಲ್ಲಿ ಫೀಡ್‌ಬ್ಯಾಕ್ ಎಂದು ನಡೆಯುವ ಪದ್ಧತಿಯ ಒಂದು ಮುಖ್ಯ ಬೇರು ಆ ರಾತ್ರಿಗಳಲ್ಲಿದೆ. ಲೆವಿನ್ 1947ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಸಂಗಡಿಗರು ಆ ಬೇಸಿಗೆಯಲ್ಲಿ ಮೇಯ್ನ್ ರಾಜ್ಯದ ಬೆಥೆಲ್‌ನಲ್ಲಿ ಅದನ್ನು ಮುಂದುವರಿಸಿದರು. ನ್ಯೂ ಬ್ರಿಟನ್ನಿನ ಆ ಅಮೆರಿಕನ್ನರು ಹೊಗಳಿಕೆ ಬೇಕೆಂದು ರಾತ್ರಿ ಎಚ್ಚರವಿದ್ದು ಬಂದವರಲ್ಲ. ನಮ್ಮ ಬಗ್ಗೆ ಹೇಳುವುದನ್ನು ನಮ್ಮೆದುರಿಗೇ ಹೇಳಿ, ತಪ್ಪಿದ್ದರೆ ತಿದ್ದಲು ನಮಗೂ ಅವಕಾಶ ಕೊಡಿ ಎಂದಷ್ಟೇ ಅವರು ಕೇಳಿದ್ದರು.